ಬಾಯಿಗೆ ಬಿಟ್ಟ ನೀರು

ತುಮಕೂರಿನ ನಮ್ಮ ಮನೆಯ ಮಹಡಿಯನ್ನು ಸ್ಪೇನ್ ದೇಶದ ಒಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೆವು. ವಸಂತನರಸಾಪುರದ ಯಾವುದೋ ಫ್ಯಾಕ್ಟರಿಯಲ್ಲಿ ಮೆಷಿನ್ ಕೂರಿಸಲು ಬಂದವನು. ಅವನ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಸರಿಜೋಡಿ, ಎರಡೂ ಎರಡನೇ ಮಾತಿಗೇ ಮುಗ್ಗರಿಸುತ್ತಿದ್ದವು. ಊಟ ನಮ್ಮಲ್ಲೇ ಆದ್ದರಿಂದ ಅವನ ಭಾಷೆಯಲ್ಲಿ ನಾನು ಕಲಿತದ್ದೆಲ್ಲ ಕುಡಿಯುವ ಮಾತುಗಳೇ. ನೀರು, ಆಗ್ವಾ. ಕಾಫಿಗೆ ಹಾಕುವ ಚೂರೇ ಚೂರು ಹಾಲು, ಚೊರ್ರಿತೋ. ದೊಡ್ಡ ಗುಟುಕು ತ್ರಾಗೋ, ಬಿಸಿಯಿದ್ದಾಗ ಮೆಲ್ಲಗೆ ಹೀರಿದರೆ ಸೊರ್ಬೋ. ಒಂದು ಪುಟ್ಟ ಹನಿ, ಗೋತಿತಾ.

"ಏನೇ, ಯಡಿಯೂರಿಗೆ ಹೋದ್ರೆ ತೀರ್ಥನೂ ಅವನ ಭಾಷೇಲೇ ಕೇಳ್ತೀಯಾ?" ಎಂದು ನಮ್ಮ ಮನೆಯವರು ರೇಗಿಸುತ್ತಿದ್ದರು.

ಅವನು ನನ್ನಿಂದ ಕಲಿತದ್ದು ಎರಡು ಮಾತು: ಅಮ್ಮ, ಇನ್ನೊಂಚೂರು. ಅವನು ಲೋಟಕ್ಕೆ ಕೈ ಅಡ್ಡ ಹಿಡಿದಷ್ಟೂ ನಾನು "ಇನ್ನೊಂಚೂರು" ಎಂದು ಮಜ್ಜಿಗೆ ಬಗ್ಗಿಸುತ್ತಿದ್ದೆ. ಬಂದವರು 'ಸಾಕು' ಅಂದರೆ ನಂಬುವ ಪೈಕಿ ನಾವಲ್ಲ.

ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿದ. ಅಪೆಂಡಿಕ್ಸ್ ಒಡೆದುಹೋಗಿದೆ ಎಂದು ಆಪರೇಷನ್ ಮಾಡಿದರು. ಮನೆಯವರು ಕುಣಿಗಲ್‌ನಲ್ಲಿ ಕೆಲಸದ ಮೇಲಿದ್ದರು, ಫ್ಯಾಕ್ಟರಿಯವರು ಸಹಿ ಹಾಕಿ ಹೋದರು. ಅವನ ಮಂಚದ ಪಕ್ಕ ಉಳಿದವಳು ನಾನೊಬ್ಬಳೇ.

ಈಗಲೇ ನೀರು ಕೊಡಕೂಡದು ಎಂದು ಡಾಕ್ಟರು ಹೇಳಿಹೋಗಿದ್ದರು. ಎಚ್ಚರವಾದದ್ದೇ "ಆಗ್ವಾ" ಎಂದ. ಸ್ವಲ್ಪ ಹೊತ್ತಿಗೆ ತ್ರಾಗೋ ಕೇಳಿದ. ಆಮೇಲೆ ಸೊರ್ಬೋ ಸಾಕು ಎಂಬಲ್ಲಿಗೆ ಇಳಿದ. ಒಂದೂ ಅರ್ಥವಾಗದಿದ್ದರೆ ಎಷ್ಟೋ ವಾಸಿಯಿತ್ತು. ನೀರು ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಹೇಳಿಸಿಕೊಂಡು ಬೆಳೆದವಳು ಗೋಡೆ ನೋಡುತ್ತಾ ಕೂತಿದ್ದೆ.

"ಒಂದ್ ತೊಟ್ಟೂ ಕುಡಿಸ್ಬೇಡಿ ಅಮ್ಮಾ, ಕಷ್ಟ ಆಗುತ್ತೆ. ಹತ್ತಿ ಅದ್ದಿ ತುಟಿ ಒದ್ದೆ ಮಾಡಿ, ಅಷ್ಟೇ," ಎಂದು ನರ್ಸ್ ಬಟ್ಟಲಲ್ಲಿ ನೀರು ತಂದಿಟ್ಟರು.

ನನ್ನ ಕೈಯೇ ಏಳಲಿಲ್ಲ. ನಮ್ಮಲ್ಲಿ ಹಾಗೆ ಹತ್ತಿಯಲ್ಲಿ ಬಾಯಿಗೆ ನೀರು ಬಿಡುವುದು ಹೊರಟು ನಿಂತವರಿಗೆ. ಗುಬ್ಬಿಯಲ್ಲಿ ಅಪ್ಪನಿಗೆ ಬಿಟ್ಟವಳು ನಾನೇ. ಆ ನೀರು ಒಳಗಿಳಿಯದೆ ಕಟವಾಯಿಂದ ಹರಿದು ದಿಂಬು ನೆನೆದಿತ್ತು. ಈ ಹುಡುಗನ ತಾಯಿ ಎಲ್ಲೋ ದೂರದಲ್ಲಿದ್ದಾಳೆ. ಅವಳ ಮಗನಿಗೆ ಈ ಕೈಯಿಂದ ಅದನ್ನೇ ಹೇಗೆ ಮಾಡಲಿ? ಭಯವಾಯಿತು.

"ನೀವೇ ಮಾಡಿ ಸಿಸ್ಟರ್," ಎಂದೆ.

"ನಂಗೆ ವಾರ್ಡ್ ಪೂರ್ತಿ ಇದೆ ಅಮ್ಮಾ," ಎಂದು ಅವರು ಹೊರಟೇಹೋದರು.

"ಗೋತಿತಾ," ಎಂದ ಅವನು. ಬರೀ ಉಸಿರಿತ್ತು, ದನಿ ಇರಲಿಲ್ಲ.

ಯಡಿಯೂರು ಸ್ವಾಮಿಯನ್ನು ನೆನೆದು ಹತ್ತಿ ಅದ್ದಿದೆ. ಅವನ ತುಟಿಗೆ ತಾಗಿಸಿದೆ. ಅವನು ಹತ್ತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದ, ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಆಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ ಹೇಳಿದ.

"ಅಮ್ಮಾ, ಇನ್ನೊಂಚೂರು."

ಅಪ್ಪ ಕೇಳಿರಲಿಲ್ಲ. ಇವನು ಕೇಳಿದ. ನಾನು ಬಟ್ಟಲನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು, "ಸಾಕು ಕಣಪ್ಪಾ," ಎಂದೆ.