ನೆಗೆಟಿವ್ ಬಂದರೂ ನಾನು ನಂಬಲಿಲ್ಲ

ಹೋದ ವರ್ಷ ಶಿವರಾತ್ರಿ ಕಳೆದ ವಾರದಲ್ಲಿ ನಡೆದದ್ದು. ನಮ್ಮದು ನ್ಯಾಮತಿ ಹತ್ತಿರದ ಹಳ್ಳಿ. ನಮ್ಮಲ್ಲಿ ಮಂಗ ಸತ್ತರೆ ಹಾಗೇ ಬಿಡುವುದಿಲ್ಲ. ಮೈ ತೊಳೆದು, ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಭಜನೆ ಮಾಡುತ್ತಾ ಒಯ್ದು ಮಣ್ಣು ಮಾಡುತ್ತೇವೆ. ಹನುಮಪ್ಪನ ಸ್ವರೂಪವಲ್ಲವೇ?

ಆ ವಾರ ನಾನು ಸಾಸ್ವೆಹಳ್ಳಿಯ ತವರಿಗೆ ಹೋಗಿದ್ದೆ. ಊರಾಚೆ ಒಂದು ಮಂಗ ಸತ್ತು, ಭಜನೆಯಲ್ಲಿ ಸದಾ ಮುಂದಿರುವ ನಮ್ಮ ಯಜಮಾನರೇ ಅದನ್ನು ತೊಳೆದು ಕೂರಿಸಿದ್ದರು. ಅವರಿಗೆ ನಮ್ಮತ್ತೆ ತಮ್ಮದೊಂದು ಕಿಡ್ನಿ ಕೊಟ್ಟು ಎರಡು ವರ್ಷವಾಗಿತ್ತು. ದೇಹ ಅದನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿದ್ದರು. ನೆಗಡಿಯಾದವರ ಪಕ್ಕ ಕೂತರೂ ನಾನು ಗದರುತ್ತಿದ್ದೆ. ಈ ಮಹರಾಯರು ಹೋಗಿ ಸತ್ತ ಮಂಗ ತೊಳೆದಿದ್ದಾರೆ!

ವಾರದೊಳಗೆ ಜ್ವರ ಬಂತು. ಕಣ್ಣು ಕೆಂಪು, ಮೈಯೆಲ್ಲ ನೋವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಡೆಂಗಿ ಎಂದರು. ಸತ್ತ ಮಂಗದ ಮೈಯ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆಂದು ನನಗೆ ಗೊತ್ತಿತ್ತು. ಡಾಕ್ಟರಿಗೆ ಹೇಳಲು ಹೊರಟರೆ ಅತ್ತೆ ಕೈ ಹಿಡಿದರು.

"ದೇವರ ಸೇವೆ ಮಾಡಿದ್ದಕ್ಕೆ ರೋಗ ಬಂತು ಅಂತ ಹೇಳ್ತೀಯೇನವ್ವಾ? ಬಾಯಿ ಮುಚ್ಕೊಂಡಿರು."

ನಾನು ಮುಚ್ಚಿಕೊಳ್ಳಲಿಲ್ಲ, ಹೇಳಿಯೇಬಿಟ್ಟೆ. ಅದಕ್ಕೂ ರಕ್ತ ಕಳಿಸಿದರು. ರೋಗದ ವಿರುದ್ಧ ಮೈ ಹುಟ್ಟಿಸಿಕೊಳ್ಳುವ ಪ್ರತಿಕಾಯದ ಪರೀಕ್ಷೆಯಂತೆ, ನೆಗೆಟಿವ್ ಬಂತು. ಅತ್ತೆ ಮಾತು ಬಿಟ್ಟರು. ನನಗೂ ನಾಚಿಕೆಯಾಯಿತು. ಆದರೆ ಜ್ವರ ಇಳಿಯಲಿಲ್ಲ. ಐದನೇ ದಿನ ಒಸಡಿನಲ್ಲಿ ರಕ್ತ ಕಂಡಿತು.

ಆಗ ಒಂದು ಮಾತು ನೆನಪಾಯಿತು. ಕಿಡ್ನಿ ಹಾಕಿದ ಆಸ್ಪತ್ರೆಯ ನರ್ಸ್ ಒಬ್ಬರು, ಲಸಿಕೆ ಹಾಕಿದರೂ ಇವರ ಮೈಯಲ್ಲಿ ಪ್ರತಿಕಾಯ ಎಲ್ಲರಂತೆ ಹುಟ್ಟುವುದಿಲ್ಲ ಎಂದಿದ್ದರು. ಹುಟ್ಟದೇ ಇದ್ದದ್ದನ್ನು ಹುಡುಕಿದರೆ ಸಿಗುವುದೆಲ್ಲಿಂದ? ನೆಟ್ಟಗೆ ಡಾಕ್ಟರ ಕೋಣೆಗೆ ನುಗ್ಗಿ ಕುರ್ಚಿ ಎಳೆದು ಕೂತೆ.

"ಸರ್, ಪ್ರತಿಕಾಯ ಇಲ್ಲ ಅಂದ್ರೆ ರೋಗ ಇಲ್ಲ ಅಂತ ಹೆಂಗೆ ಹೇಳ್ತೀರಿ? ಅವ್ರ ಮೈಗೆ ಅದನ್ನ ಮಾಡಾಕೆ ಶಕ್ತೀನೇ ಇಲ್ಲ. ವೈರಸ್ಸೇ ಐತೋ ಇಲ್ವೋ ನೋಡಿಸ್ರಿ. ಅಲ್ಲೀತನಕ ನಾನು ಏಳಲ್ಲ."

ಪಿಯುಸಿ ಫೇಲಾದವಳು ನಾನು. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಅವರು ಬೈಯಲಿಲ್ಲ. ಕಿಡ್ನಿಯ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು, ಮತ್ತೆ ರಕ್ತ ತೆಗೆಸಿದರು. ಈ ಸಲ ವರದಿಯಲ್ಲಿ ಮಂಗನ ಕಾಯಿಲೆಯೂ ಇತ್ತು. ಒಂದೇ ಮೈಯಲ್ಲಿ ಎರಡು ವೈರಸ್. ಅವತ್ತೇ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಹದಿನೆಂಟು ದಿನ ಅಲ್ಲೇ ಇದ್ದೆವು. ಯಜಮಾನರು ಸೊರಗಿ ಕಡ್ಡಿಯಾಗಿದ್ದರು, ಆದರೆ ನಡೆದುಕೊಂಡೇ ಮನೆಗೆ ಬಂದರು. ಅತ್ತೆ ಆ ವಿಷಯ ಎತ್ತಲೇ ಇಲ್ಲ. ನಾನೂ ಕೆದಕಲಿಲ್ಲ.

ಈ ಬೇಸಿಗೆಯಲ್ಲಿ ಮತ್ತೊಂದು ಮಂಗ ಸತ್ತ ಸುದ್ದಿ ಬಂತು. ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಜಗಳಕ್ಕೆ ಸೆರಗು ಕಟ್ಟಿಕೊಂಡೇ ಓಡಿದೆ. ನನಗಿಂತ ಮೊದಲೇ ಅತ್ತೆ ಅಲ್ಲಿದ್ದರು. ಕುರ್ಚಿ ಹೊತ್ತು ಬಂದವರಿಗೆ ಅಡ್ಡ ನಿಂತಿದ್ದರು.

"ಯಾರೂ ಮುಟ್ಟಬ್ಯಾಡ್ರಿ. ನನ್ನ ಸೊಸೆ ಬರ್ಲಿ, ಅವಳು ಹೇಳಿದಂಗೆ ಮಾಡಾನ."

ಅಷ್ಟು ದಿನ ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದವಳು, ಅಷ್ಟು ಜನರ ನಡುವೆ ನಿಂತು ಅತ್ತುಬಿಟ್ಟೆ.