ಹಿಂದಿನ ಚಕ್ರದ ಕಾರೂ ಮಾವನ ಭಾರವೂ

ಒಂದು ಹೊಸ ಸ್ಕೂಟರ್, ಅದರ ಮೇಲೆ ಹದಿನೆಂಟು ಸಾವಿರ ರೂಪಾಯಿ. ನನ್ನ ಮೊದಲ ಕಾರಿಗೆ ನಾನು ಕೊಟ್ಟ ಬೆಲೆ ಇದು. ಎಂಬತ್ತರ ದಶಕದ ನಡುವಿನ ಮಾತು. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಆ ಕಾಲದಲ್ಲಿ, ಸಿಕ್ಕಿದ್ದನ್ನು ಬಿಟ್ಟುಕೊಡುವವನನ್ನು ಜನ ಹುಚ್ಚನೆಂದೇ ತಿಳಿಯುತ್ತಿದ್ದರು. ಆದರೆ ಪೀಣ್ಯದ ಕಾರ್ಖಾನೆಯೊಂದಕ್ಕೆ ಬಂದಿದ್ದ ಜಪಾನಿನ ಇಂಜಿನಿಯರ್ ಬಿಟ್ಟುಹೋದ ಆ ಕಾರು ಕಂಟ್ರಾಕ್ಟರೊಬ್ಬರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು, ಅವರ ಮಗ ಸ್ಕೂಟರ್ ಬೇಕೆಂದು ಊಟ ಬಿಟ್ಟು ಕೂತಿದ್ದ. ಕಾರನ್ನು ನೋಡುವ ಮೊದಲು ಮಾರುವವರ ಮನೆಯನ್ನು ನೋಡಿ ಎಂದು ನಾನು ಈಗಲೂ ಹೇಳುವುದು ಅದಕ್ಕೇ.

ಇದೆಲ್ಲ ನೆನಪಾದದ್ದು ಕಳೆದ ಭಾನುವಾರ, ಮೈಸೂರು ರಸ್ತೆಯ ಶೋರೂಮೊಂದರಲ್ಲಿ. ಮಗಳು ಎರಡು ಬಾಗಿಲಿನ ಕಾರು ನೋಡಿಟ್ಟಿದ್ದಳು. ಬೇಡ ಎನ್ನುವುದಕ್ಕೆಂದೇ ನಾನು ಜೊತೆಗೆ ಹೋಗಿದ್ದೆ.

"ಝೀರೋ ಟು ಹಂಡ್ರೆಡ್ ಆರೂವರೆ ಸೆಕೆಂಡ್ ಸಾರ್. ಎದುರುಗಡೆ ಶೋರೂಮಿಂದು ಏಳೂಕಾಲು. ಇನ್ನೊಂದಿದೆ, ಅದು ಎಂಟು," ಎಂದು ಸೇಲ್ಸಿನ ಯುವಕ ಮಗ್ಗಿ ಒಪ್ಪಿಸುವ ಹಾಗೆ ಹೇಳಿ ಬಾಗಿಲು ತೆಗೆದ. ಬಿಸಿಲಿಗೆ ಕಾದ ಸೀಟಿನ ವಾಸನೆ ಮುಖಕ್ಕೆ ಹೊಡೆಯಿತು.

"ಮುಂದಿನ ಚಕ್ರ ಎಳೆಯುತ್ತೋ, ಹಿಂದಿನ ಚಕ್ರ ತಳ್ಳುತ್ತೋ?" ಎಂದು ಕೇಳಿದೆ.

"ಹಿಂದಿಂದು ಸಾರ್. ಅದೇ ಇದರ ಸ್ಪೆಷಲ್."

"ಹಾಗಾದ್ರೆ ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?"

ಆತ ನಕ್ಕ. "ಅಲ್ಲಿ ಯಾರೂ ಕೂರಲ್ಲ ಸಾರ್, ಬ್ಯಾಗ್ ಇಡ್ತಾರೆ."

ಅಯ್ಯೋ, ಕೆಲಸವೇ ಗೊತ್ತಿಲ್ಲ ಈತನಿಗೆ ಅಂದುಕೊಂಡೆ.

ನನ್ನ ಆ ಮೊದಲ ಕಾರಿಗೂ ಎರಡೇ ಬಾಗಿಲು, ಸಾಸಿವೆ ಬಣ್ಣ, ಮುಂದೆ ಉದ್ದ ಮೂತಿ, ಹಿಂದೆ ಇಳಿಜಾರು ಬೆನ್ನು. ರಾಜಾಜಿನಗರದಲ್ಲಿ ನನಗೊಂದು ಸಣ್ಣ ಲೇತ್ ಶಾಪ್ ಇತ್ತು. ಆ ಕಾರಿಗೆ ಅಂಗಡಿಯಲ್ಲಿ ಸಿಗದ ಬುಷ್ಷು, ಪಿನ್ನಿನಂಥ ಬಿಡಿಭಾಗಗಳನ್ನು ಅಲ್ಲೇ ನಾನೇ ಕಡೆದುಕೊಂಡು ಹಾಕಿದೆ. ಅದನ್ನು ಒರೆಸುವಾಗ ಬೀದಿಯಲ್ಲಿ ಯಾರಾದರೂ ಹಾದುಹೋಗಲಿ ಎಂದು ಕಾಯುತ್ತಿದ್ದುದೂ ಉಂಟು. ಯಾರೂ ಬರದಿದ್ದರೆ ಇನ್ನೊಂದು ಸಲ ಒರೆಸುತ್ತಿದ್ದೆ.

ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ ನಾಗರಾಜ ಭಾವ, ವಿಜಯನಗರದಲ್ಲಿದ್ದರು. ಅವರೂ ಆಗಷ್ಟೇ ಹೊಸ ಮಾದರಿಯ ಪುಟ್ಟ ಬಿಳಿ ಕಾರು ತಂದಿದ್ದರು. ಒಂದು ಬೆಳಿಗ್ಗೆ ಕಾರ್ಡ್ ರಸ್ತೆಯಲ್ಲಿ ಕೈಗಡಿಯಾರ ಹಿಡಿದು ಎರಡನ್ನೂ ಓಡಿಸಿದೆವು. ನಿಂತಲ್ಲಿಂದ ಎಂಬತ್ತು ಕಿಲೋಮೀಟರ್ ವೇಗಕ್ಕೆ ಹೋಗಲು ನನ್ನದಕ್ಕೆ ಒಂಬತ್ತು ಸೆಕೆಂಡು, ಅವರದಕ್ಕೆ ಹದಿನಾರು. ಹಠ ಬಿಡದೆ ಪಕ್ಕದ ಮನೆಯವರ ಅಂಬಾಸಿಡರನ್ನೂ ಓಡಿಸಿದೆವು. ಅದು ಇಪ್ಪತ್ತು ದಾಟಿತು. ಆದರೆ ಲೀಟರಿಗೆ ಅವರದು ಹದಿನಾರು ಕಿಲೋಮೀಟರ್, ನನ್ನದು ಒಂಬತ್ತು. "ನಿಂದು ಎರಡರಲ್ಲೂ ಒಂಬತ್ತೇ ಕಣಯ್ಯ," ಎಂದು ಭಾವ ಕಿಚಾಯಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ನಗುತ್ತಿದ್ದೆ. ಆದರೆ ಕೆಂಗೇರಿಯ ಹತ್ತಿರ ನಮ್ಮ ಮಾವನಿಗೆ ರಸ್ತೆಗೆ ಮುಖಮಾಡಿದ ಒಂದು ಜಾಗವಿತ್ತು. ಅದನ್ನು ಬಾಡಿಗೆಗೆ ಪಡೆದು, ಶೆಡ್ ಹಾಕಿ, ನನ್ನ ಲೇತ್ ಶಾಪನ್ನು ದೊಡ್ಡದು ಮಾಡಬೇಕೆಂಬುದು ನನ್ನ ಕನಸು. ಮಾವ ಆಗಲಿ ಅನ್ನುವಷ್ಟರಲ್ಲಿ ಈ ಕಾರು ಅವರ ಮನೆಯ ಮುಂದೆ ಬಂದು ನಿಂತಿತು. ಅವರು ಸುತ್ತ ಒಂದು ಸಲ ನಡೆದರು. "ನಾಕು ಜನ ಕೂರೋ ಕಾರಿಗೆ ಎಲ್ಡೇ ಬಾಗ್ಲು. ಇಂಥದ್ದನ್ನ ತಕೊಳೋರ ಕೈಗೆ ನನ್ನ ಜಾಗ ಕೊಟ್ರೆ ಅದಕ್ಕೂ ಬಾಗ್ಲಿರಲ್ಲ," ಎಂದು ಒಳಗೆ ಹೋದರು. ಕಾರ್ಡ್ ರಸ್ತೆಯ ಅಂಕಿಗಳನ್ನು ಅವರ ಬೆನ್ನಿಗೆ ಹೇಳಿದೆ.

ಆಯುಧಪೂಜೆ ಬಂತು. ಮಾವನ ಊರಲ್ಲಿ ಗಾಡಿಗಳಿಗೆ ಪೂಜೆ ಮನೆಯ ಮುಂದಲ್ಲ, ದಿಬ್ಬದ ಮೇಲಿನ ಅಮ್ಮನ ಗುಡಿಯ ಅಂಗಳದಲ್ಲಿ. ಏರು ಹತ್ತುವ ಮುನ್ನ, ಬುಡದಲ್ಲೇ ಬೂದುಗುಂಬಳಕಾಯಿ ಒಡೆಯಬೇಕು. ಬೆಳಗಿನಿಂದ ಟ್ರ್ಯಾಕ್ಟರು, ಲಾರಿ, ಸೈಕಲ್ಲುಗಳಿಗೆಲ್ಲ ಕಾಯಿ ಒಡೆದು ಒಡೆದು, ಹಿಂದಿನ ದಿನದ ಮಳೆಯೂ ಸೇರಿ, ಆ ಜಾಗ ಎಣ್ಣೆ ಬಳಿದ ಹೆಂಚಿನ ಹಾಗಾಗಿತ್ತು.

ಕಾರು ಹಗುರವಾಗಿದ್ದಷ್ಟೂ ಜೋರಾಗಿ ಹತ್ತುತ್ತದೆಂದು ಲೆಕ್ಕ ಹಾಕಿ, ಎಲ್ಲರನ್ನೂ ಇಳಿಸಿ ನಾನೊಬ್ಬನೇ ಹೊರಟೆ. ಹಿಂದಿನ ಚಕ್ರಗಳು ಗಿರ್ರೆಂದು ನಿಂತಲ್ಲೇ ತಿರುಗಿದವು. ಕುಂಬಳಕಾಯಿಯ ತಿರುಳು, ಬೀಜ, ಕುಂಕುಮ ಎಲ್ಲ ಹಿಂದೆ ನಿಂತಿದ್ದ ಮಾವನ ಬಿಳಿ ಪಂಚೆಯ ಮೇಲೆ ಹೋಗಿ ಕೂತವು.

"ದೃಷ್ಟಿ ಕಾರಿಂದ ತೆಗೀರಿ ಅಂದ್ರೆ ನಂದು ತೆಗುದ್ರಾ ಅಳಿಯಂದ್ರೆ?" ಎಂದರು ಮಾವ. ಊರಿಗೆ ಊರೇ ನಕ್ಕಿತು.

ಭಾವ ತಮ್ಮ ಪುಟ್ಟ ಕಾರಿಗೆ ಐದು ಜನರನ್ನು ತುಂಬಿಕೊಂಡು ನುಗ್ಗಿದರು. ಅರ್ಧ ಏರಿನಲ್ಲಿ ಮೂತಿ ಮೇಲೆದ್ದಂತಾಗಿ ಮುಂದಿನ ಚಕ್ರಗಳು ನೆಲ ಕೆರೆದವು. ಕಾರು ಮೆಲ್ಲಗೆ ಹಿಂದೆ ಜಾರಿ ಬಂತು. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಅವರ ಕಾರಿನ ಎಳೆಯುವ ಚಕ್ರ ಮುಂದಿದೆ, ಭಾರ ಹಿಂದಿದೆ. ನನ್ನದರಲ್ಲಿ ತಳ್ಳುವ ಚಕ್ರ ಹಿಂದಿದೆ, ಅದರ ಮೇಲೆ ಭಾರವೇ ಇರಲಿಲ್ಲ.

"ಮಾವ, ನೀವೂ ಸೋದರತ್ತೆನೂ ಹಿಂದೆ ಕೂತ್ಕೊಳ್ಳಿ." ಸೋದರತ್ತೆ ಎಂದರೆ ಮಾವನ ಅಕ್ಕ, ಅವರಿಬ್ಬರೂ ಕೂತರೆ ಮನೆಯ ಮಂಚವೇ ನರಳುತ್ತಿತ್ತು.

"ಖಾಲಿ ಗಾಡಿನೇ ಹತ್ಲಿಲ್ಲ, ನನ್ನ ಹೊತ್ಕೊಂಡು ಹತ್ತುತ್ತಾ?"

"ಹತ್ತದಿದ್ರೆ ನಾಳೇನೇ ಕಾರು ಮಾರ್ತೀನಿ. ಶೆಡ್ಡಿನ ಮಾತೂ ಎತ್ತಲ್ಲ."

ನನ್ನ ಹೆಂಡತಿ ಸುಶೀಲ ಗಾಬರಿಯಿಂದ ನನ್ನ ಮುಖ ನೋಡಿದಳು. ಮುಂದಿನ ಸೀಟು ಮಡಚಿ ಇಬ್ಬರನ್ನೂ ಹೇಗೋ ಒಳಗೆ ತೂರಿಸಿದೆವು. "ಕೋಳಿ ಗೂಡು ಕಣೋ ಇದು," ಎಂದು ಸೋದರತ್ತೆ ಒಳಗಿನಿಂದ ಕೂಗಿದರು. ಎರಡನೇ ಗೇರಿನಲ್ಲಿ, ಕಾಲು ಮೆತ್ತಗಿಟ್ಟು ಬಿಟ್ಟೆ. ಚಕ್ರ ಒಂದು ಸಲ ಜಾರಿತು, ಕಚ್ಚಿಕೊಂಡಿತು, ಆಮೇಲೆ ನಿಲ್ಲಲೇ ಇಲ್ಲ. ಗುಡಿಯ ಅಂಗಳದಲ್ಲಿ ನಿಲ್ಲಿಸಿ ಹೊರಗಿಳಿದಾಗ ಕೆಳಗಿನಿಂದ ಸಿಳ್ಳೆ ಕೇಳಿಸಿತು. ಎಷ್ಟೋ ಯಂತ್ರ ಕೊಂಡಿದ್ದೇನೆ, ಮಾರಿದ್ದೇನೆ. ಎದೆ ಅಷ್ಟು ಉಬ್ಬಿದ್ದು ಮತ್ತೆ ಕಡಿಮೆ.

"ಸೀಟು ಮಡಚಿ ಅಳಿಯಂದ್ರೆ, ಇಳೀಬೇಕು," ಎಂದರು ಮಾವ.

"ಮಡಚ್ತೀನಿ ಮಾವ. ಶೆಡ್ ವಿಚಾರ?"

"ಮೊದ್ಲು ಇಳಿಸ್ರೀ!"

"ಬಾಡಿಗೆ ಎಷ್ಟೂಂತ ಒಂದು ಮಾತು ಹೇಳಿಬಿಡಿ, ಇಳಿಸ್ತೀನಿ."

ಮಾವ ಕಿಟಕಿಯಿಂದ ನನ್ನನ್ನೇ ದಿಟ್ಟಿಸಿದರು. ಆಮೇಲೆ ಪಂಚೆಯ ಮೇಲಿನ ಕುಂಬಳ ಬೀಜ ಕೊಡವುತ್ತಾ ಗಹಗಹಿಸಿ ನಕ್ಕರು. "ಇದಕ್ಕೆ ಎಲ್ಡೇ ಬಾಗ್ಲು ಯಾಕ್ ಮಡಗವ್ರೆ ಅಂತ ಈಗ ಗೊತ್ತಾಯ್ತು ಬುಡಿ." ಮುಂದಿನ ಶ್ರಾವಣದ ಹೊತ್ತಿಗೆ ಆ ಜಾಗದಲ್ಲಿ ನನ್ನ ಶೆಡ್ ಎದ್ದಿತ್ತು. ಇವತ್ತಿಗೂ ಇದೆ.

ಶೋರೂಮಿನ ಯುವಕನಿಗೆ ಹೇಳಿದೆ: "ನೀವು ಹೇಳಿದ್ದು ಖಾಲಿ ಕಾರಿನ ಲೆಕ್ಕ. ನಾನು ಹಿಂದೆ ಕೂರ್ತೀನಿ, ನಾಗರಬಾವಿ ಕಡೆ ಏರು ಹತ್ತಿಸಿ ನೋಡೋಣ." ಮಂಡಿ ಕಿರುಗುಟ್ಟಿದರೂ ಹೇಗೋ ತೂರಿ ಕೂತೆ. ಮಗಳು ಓಡಿಸಿದಳು. ಏರಿನಲ್ಲಿ ಹಿಂದಿನಿಂದ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಕಾರು ಹಾರಿತು. ಬೇಡ ಅನ್ನಲು ಇಟ್ಟುಕೊಂಡಿದ್ದ ಕಾರಣಗಳೆಲ್ಲ ಅಲ್ಲೇ ಕೆಳಗೆ ಉಳಿದವು. ಆದರೂ ಬಾಯಿಬಿಡಲಿಲ್ಲ; ವಾಪಸು ಬಂದು ನಿಂತ ಮೇಲೆ, "ಸೀಟು ಮಡಚಮ್ಮ, ಇಳೀಬೇಕು," ಎಂದೆ.

ಮಗಳು ಸೀಟಿನ ಮೇಲೆ ಕೈಯಿಟ್ಟು ನಿಂತಳು. "ಮಡಚ್ತೀನಪ್ಪಾ. ತಗೋಬೋದು ತಾನೆ?"

ಆದ್ದರಿಂದ ಓದುಗರೇ, ಕಾರು ನೋಡಲು ಹೋದಾಗ ಸೆಕೆಂಡಿನ ಲೆಕ್ಕಕ್ಕೆ ಮರುಳಾಗಬೇಡಿ. ಮನೆಯ ಭಾರೀ ಆಳುಗಳನ್ನು ಹಿಂದೆ ಕೂರಿಸಿ, ಏರು ಹತ್ತಿಸಿ, ಆಮೇಲೆ ಮಾತಾಡಿ. ಆದರೆ ಎರಡು ಬಾಗಿಲಿನ ಕಾರಾದರೆ, ನೀವು ಹಿಂದಿನ ಸೀಟಿಗೆ ಹೋಗುವ ಮೊದಲೇ ಚೌಕಾಸಿ ಮುಗಿಸಿಕೊಳ್ಳಿ.