ಚನ್ನಮ್ಮನವರ ಚೀಲದಲ್ಲಿ ಝರ್ನಾಳ ಕಾರ್ಡು

ಕೋಲ್ಕತ್ತದ ಬೆಹಾಲಾದ ಒಂದು ಗಲ್ಲಿ. ಬೆಳಗಿನ ಐದೂವರೆ. ಬೀದಿ ನಲ್ಲಿಗೆ ನೀರು ಬಂದಿದೆ, ಬಕೆಟ್ಟುಗಳ ಸಾಲು ಬೆಳೆಯುತ್ತಿದೆ. ಹೆಗಲಿಗೆ ಬಟ್ಟೆಯ ಚೀಲ ಏರಿಸಿ ನಿಂತ ಚನ್ನಮ್ಮನವರ ಕಣ್ಣು ಒಂದೇ ಬಾಗಿಲ ಮೇಲಿದೆ. ಇವತ್ತು ಝರ್ನಾಳ ಸೂಜಿಯ ದಿನ. ನೆನಪಿಸೋಣವೆಂದರೆ ಝರ್ನಾ ಇನ್ನೂ ನೀರಿಗೆ ಬಂದಿಲ್ಲ.

ಝರ್ನಾ ಎಂಬುದು ಅವಳ ನಿಜವಾದ ಹೆಸರಲ್ಲ. ನಿಜದ ಹೆಸರು ಬರೆಯುವಂತಿಲ್ಲ. ಇಪ್ಪತ್ತನಾಲ್ಕರ ಹೆಣ್ಣು, ಒಬ್ಬಳು ಮಗಳು. ಆ ಹೆರಿಗೆಯಲ್ಲಿ ರಕ್ತ ಹರಿದು ಅವಳು ಬದುಕಿದ್ದೇ ಹೆಚ್ಚು. ಇನ್ನೊಂದು ಮಗು ಅವಳಿಗೂ ಬೇಕು, ಮೈ ಸುಧಾರಿಸಿದ ಮೇಲೆ. ಅತ್ತೆಗೆ ಈ ವರ್ಷವೇ ಮೊಮ್ಮಗ ಬೇಕು. ಹಾಗಾಗಿ ಮೂರು ತಿಂಗಳಿಗೊಮ್ಮೆ, ಗರ್ಭ ನಿಲ್ಲದಂತೆ, ಗುಟ್ಟಾಗಿ ಒಂದು ಸೂಜಿ. ಅದರ ಕಾರ್ಡು ಇರುವುದು ಚನ್ನಮ್ಮನವರ ಚೀಲದಲ್ಲಿ.

ನವಲಗುಂದದ ಚನ್ನಮ್ಮ ಗಂಡನ ಕೆಲಸದ ಬೆನ್ನುಹತ್ತಿ ಕೋಲ್ಕತ್ತಕ್ಕೆ ಬಂದು ಇಪ್ಪತ್ತಾರು ವರ್ಷ. ವಾರ್ಡಿನ ಆರೋಗ್ಯ ಕಾರ್ಯಕರ್ತೆಯಾಗಿ ಹದಿನಾಲ್ಕು. ಮುನ್ನೂರ ಹತ್ತು ಮನೆ, ದಿನಕ್ಕೆ ಮೂವತ್ತು ಬಾಗಿಲು.

“ಮಕ್ಕಳು ಬ್ಯಾಡ ಅನ್ನಾಕಿಗೆ ದಾರಿ ತೋರಸೂದು ಸುಲಭ ಐತ್ರಿ,” ಎನ್ನುತ್ತಾರೆ. “ಬೇಕು, ಆದ್ರ ಈಗ ಬ್ಯಾಡ ಅನ್ನಾಕಿ ಇರ್ತಾಳಲ್ಲ, ಆಕಿ ಸಂಬಂಧ ನನ್ನ ಎದಿ ಡವಡವ ಅಂತೈತಿ. ಮುಂದ ಬಸರು ನಿಲ್ಲೂದ ಇಲ್ಲೇನೋ ಅಂತ ಆಕಿಗೂ ಅಂಜಿಕಿ.”

ಆ ಅಂಜಿಕೆಯನ್ನು ಅವರೂ ಉಂಡವರು. ಮದುವೆಯ ಹೊಸತರಲ್ಲಿ ಮಾತ್ರೆ ನುಂಗಿದ್ದರು. ಬಿಟ್ಟ ಮೇಲೆ ನಾಲ್ಕು ವರ್ಷ ಬಸಿರಾಗಲಿಲ್ಲ. ಮಾತ್ರೆಯದೇ ತಪ್ಪೆಂದು ಎಲ್ಲರೂ ಆಡಿಕೊಂಡರು. ತೊಂದರೆ ಇದ್ದದ್ದು ಥೈರಾಯ್ಡಿನಲ್ಲಿ. ಮಗಳು ಇಂಚರ ಹುಟ್ಟಿದ್ದು ಅದಕ್ಕೆ ಔಷಧಿ ಆದ ಮೇಲೆ.

ಬಾಗಿಲು ತೆರೆಯುತ್ತದೆ. ಬಕೆಟ್ಟು ಹಿಡಿದು ಬಂದವಳು ಝರ್ನಾಳ ಅತ್ತೆ, ಗಲ್ಲಿಯವರೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸು.

“ದಿದಿ, ನನ್ನ ಸೊಸೆಗೆ ಏನು ಕೊಡ್ತಿದ್ದೀಯ?”

“ಕಬ್ಬಿಣಾಂಶದ ಮಾತ್ರೆ, ಮಾಶಿಮಾ. ರಕ್ತ ಕಡಿಮೆ ಇದೆ.”

“ಚೀಲ ತೆಗೆ, ನೋಡೋಣ.”

ಸಾಲಿನಲ್ಲಿದ್ದವರು ತಿರುಗಿ ನೋಡುತ್ತಾರೆ. ಹೋದ ವರ್ಷ ಪಕ್ಕದ ಗಲ್ಲಿಯಲ್ಲಿ ಹೀಗೆಯೇ ಒಂದು ಕಾರ್ಡು ಸಿಕ್ಕಿತ್ತು. ಆ ಹುಡುಗಿಯನ್ನು ತವರಿಗೆ ಅಟ್ಟಿದರು, ಕೂಸನ್ನು ಇಟ್ಟುಕೊಂಡರು. ಚನ್ನಮ್ಮ ಚೀಲದ ಬಾಯಿ ಬಿಗಿಹಿಡಿಯುತ್ತಾರೆ.

“ಇದರಲ್ಲಿ ಎಷ್ಟೋ ಮನೆಗಳ ಗುಟ್ಟಿದೆ, ಮಾಶಿಮಾ. ನಿನ್ನ ಮಗಳದೂ ಇದೆ. ಇಲ್ಲೇ ತೆಗೆಯಲೇ?”

ಮುದುಕಿ ನೀರು ಹಿಡಿಯದೆಯೇ ಹಿಂದಿರುಗುತ್ತಾಳೆ. ಚನ್ನಮ್ಮ ಚೀಲದ ಬಾಯಿ ಕಟ್ಟುತ್ತಾರೆ. “ಹಂಗ ಅನಬಾರದಿತ್ತು,” ಎನ್ನುತ್ತಾರೆ. “ಒಬ್ಬಾಕಿ ಗುಟ್ಟು ಉಳಸಾಕ ಇನ್ನೊಬ್ಬಾಕಿದು ಹೊರಗ ಹಾಕಿದೆ.”

ಹನ್ನೊಂದರ ಹೊತ್ತಿಗೆ ಝರ್ನಾ ಆರೋಗ್ಯ ಕೇಂದ್ರಕ್ಕೆ ಏದುಸಿರು ಬಿಡುತ್ತ ಬರುತ್ತಾಳೆ, ಕಂಕುಳಲ್ಲಿ ಮಗಳು. ಮಗುವಿಗೆ ಜ್ವರವೆಂದು ಸುಳ್ಳು ಹೇಳಿ ಬಂದಿದ್ದಾಳೆ. ಚನ್ನಮ್ಮ ಪ್ರತಿ ಸಲದಂತೆ ಕೇಳುತ್ತಾರೆ: “ಈಗಲೂ ಮಗು ಬೇಡವೇ? ಬೇಕಾದರೆ ಸೂಜಿ ನಿಲ್ಲಿಸೋಣ. ಬಸಿರಾಗೋಕೆ ಕೆಲವು ತಿಂಗಳು ಹಿಡಿಯಬಹುದು, ಅಷ್ಟೇ.”

ಝರ್ನಾ ಒಮ್ಮೆ ಬಾಗಿಲ ಕಡೆ ನೋಡಿ ನರ್ಸಿನ ಮುಂದೆ ತೋಳು ಚಾಚುತ್ತಾಳೆ. “ಇನ್ನೊಂದು ಬೇಕು, ದಿದಿ. ಅದನ್ನ ಎತ್ತಿಕೊಳ್ಳೋಕೆ ನಾನೂ ಇರಬೇಕಲ್ಲ.”

ನಾಳೆಯೂ ಅದೇ ಗಲ್ಲಿಗೆ ಹೋಗಬೇಕು. ಹೆದರಿಕೆಯಿಲ್ಲವೇ ಎಂದರೆ ಚನ್ನಮ್ಮ ಝರ್ನಾಳ ಕಾರ್ಡನ್ನು ಮತ್ತೆ ಚೀಲಕ್ಕೆ ಸೇರಿಸುತ್ತಾರೆ. ಆಮೇಲೆ ಮೆಲ್ಲಗೆ, “ಐತ್ರಿ. ಆದ್ರ ಆಕಿ ಮುಂದಿನ ಹೆರಗಿಗೆ ನಾನೂ ದವಾಖಾನಿಗೆ ಹೋಗಬೇಕು ಅಂತ ಆಸೆ ಐತಿ. ಆಕಿ ಬೇಕು ಅಂದ ವರ್ಷ.”